ಡೊಂಬಿವಲಿಯ ಅಭ್ಯಾಸಿಕೆಯಲ್ಲಿ ರಸಾಯನಶಾಸ್ತ್ರದ ಓದು

ಮುಂಬಯಿಯ ಉಪನಗರಗಳಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ನಾಲ್ಕೈದು ಜನ ಬಾಳುವಾಗ ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳಿಗೆ ಪುಸ್ತಕ ಬಿಡಿಸಿ ಕೂರಲು ಒಂದು ಮೂಲೆ ಸಿಗುವುದೇ ಕಷ್ಟ. ಟಿವಿ, ಕುಕ್ಕರಿನ ಸೀಟಿ, ಬಂದುಹೋಗುವ ನೆಂಟರು, ಎಲ್ಲವೂ ಅದೇ ಹತ್ತಡಿ ಜಾಗದಲ್ಲಿ ನಡೆಯಬೇಕು. ಈ ಕೊರತೆ ನೀಗಲೆಂದೇ ಮಹಾರಾಷ್ಟ್ರದ ಊರೂರುಗಳಲ್ಲಿ ಅಭ್ಯಾಸಿಕೆಗಳು ಹುಟ್ಟಿಕೊಂಡಿವೆ. ತಿಂಗಳ ಬಾಡಿಗೆ ಕೊಟ್ಟರೆ ಒಂದು ಕುರ್ಚಿ, ಒಂದು ಮೇಜು, ದೀಪ ಮತ್ತು ಮೌನ ಸಿಗುತ್ತವೆ. ಏನು ಓದಬೇಕು, ಹೇಗೆ ಓದಬೇಕು ಎಂಬುದು ಓದುವವರಿಗೇ ಬಿಟ್ಟ ವಿಚಾರ. ಡೊಂಬಿವಲಿ ಪೂರ್ವದಲ್ಲಿ ಕನ್ನಡಿಗ ದಂಪತಿಗಳು ನಡೆಸುತ್ತಿರುವ ಅಭ್ಯಾಸಿಕೆಯೊಂದರಲ್ಲಿ ಈ ಸೌಲಭ್ಯದ ಜೊತೆಗೆ ರಸಾಯನಶಾಸ್ತ್ರವನ್ನು ಹೇಗೆ ಓದಬೇಕೆಂಬುದನ್ನೂ ಕಲಿಸುತ್ತಾರೆ. ಪಾಠ ಹೇಳುವುದು ಅಲ್ಲಿ ಕಡಿಮೆ, ಓದಿಸುವುದು ಹೆಚ್ಚು. ಆ ಸೇವೆಯ ಬಗ್ಗೆ, ಅದರ ಗುಣದ ಬಗ್ಗೆಯೂ ಕೊರತೆಗಳ ಬಗ್ಗೆಯೂ, ಇಲ್ಲಿ ಬರೆಯುತ್ತಿದ್ದೇನೆ. ಜಾಗ ಚಿಕ್ಕದು, ನೂಕುನುಗ್ಗಲು ಬೇಡ ಎಂದು ನಡೆಸುವವರು ಕೇಳಿಕೊಂಡಿರುವುದರಿಂದ ಹೆಸರು ಹಾಕಿಲ್ಲ. ಡೊಂಬಿವಲಿಯ ಕನ್ನಡಿಗರ ನಡುವೆ ವಿಚಾರಿಸಿದರೆ ದಾರಿ ತೋರಿಸುವವರು ಸಿಗುತ್ತಾರೆ.

ನಾನು ಔಷಧ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುವವಳು. ಬ್ಯೂರೆಟ್, ತಕ್ಕಡಿ, ದಾಖಲೆ ಪುಸ್ತಕಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಆದ್ದರಿಂದ ಮಗಳು ಅಲ್ಲಿ ಸೇರಿದ ಮೇಲೆ ಆಕೆಯ ಅಂಕಗಳನ್ನು ಮಾತ್ರ ನೋಡದೆ, ಒಂದು ಲೆಕ್ಕದ ಮುಂದೆ, ಒಂದು ಸಮೀಕರಣದ ಮುಂದೆ ಆಕೆ ಹೇಗೆ ಕೂರುತ್ತಾಳೆ ಎಂಬುದನ್ನು ಗಮನಿಸುತ್ತ ಬಂದಿದ್ದೇನೆ. ಅನುಮತಿ ಕೇಳಿ ಹಿಂದಿನ ಸಾಲಿನಲ್ಲಿ ಕುಳಿತು ಅವರ ಕ್ರಮವನ್ನು ನೋಡಿದ್ದೇನೆ.

ಜಾಗ ಫಡ್ಕೆ ರಸ್ತೆಯ ಗದ್ದಲದಿಂದ ತುಸು ಒಳಗೆ, ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿದೆ. ಉದ್ದನೆಯ ಒಂದು ಹಾಲ್. ಎರಡು ಬದಿಯಲ್ಲಿ ಅಡ್ಡ ಹಲಗೆ ಹಾಕಿ ಬೇರ್ಪಡಿಸಿದ ಮೇಜುಗಳು. ನಡುವೆ ಎಲ್ಲರೂ ಸುತ್ತ ಕೂರಬಹುದಾದ ದೊಡ್ಡ ಮೇಜು. ಬಾಗಿಲ ಬಳಿ ಮೊಬೈಲ್ ಇಡಲು ಖಾನೆಗಳಿವೆ, ಒಳಗೆ ಒಯ್ಯುವಂತಿಲ್ಲ. ಕುರ್ಚಿಗೆ ತಿಂಗಳಿಗೆ 900 ರೂಪಾಯಿ, ಸಂಜೆಯ ರಸಾಯನಶಾಸ್ತ್ರದ ಕೂಟಕ್ಕೆ ಪ್ರತ್ಯೇಕವಾಗಿ 600 ರೂಪಾಯಿ. ಕೂಟ ವಾರಕ್ಕೆ ನಾಲ್ಕು ಸಂಜೆ ಸೇರುತ್ತದೆ. ನಡೆಸುವವರು ಜೂನಿಯರ್ ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತರಾದ ಧಾರವಾಡದ ಕಡೆಯ ಮೇಷ್ಟ್ರು. ಅವರ ಪತ್ನಿ ಹಾಜರಿ, ಲೆಕ್ಕಪತ್ರ, ಶಿಸ್ತು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಉಡುಪಿ ಕಡೆಯ ಹೋಟೆಲ್ ಕೆಲಸಗಾರರ ಮಕ್ಕಳು, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಸಂಸಾರಗಳ ಮಕ್ಕಳು, ಮರಾಠಿ ಮನೆಯ ಕೆಲವು ಮಕ್ಕಳು ಒಟ್ಟಿಗೆ ಕೂರುತ್ತಾರೆ. ಮಾತು ಕನ್ನಡ, ಮರಾಠಿ, ಹಿಂದಿಗಳಲ್ಲಿ ಹೇಗೆ ಬೇಕಾದರೂ ನಡೆಯುತ್ತದೆ. ಉತ್ತರ ಮಾತ್ರ ಪರೀಕ್ಷೆಯ ಭಾಷೆಯಾದ ಇಂಗ್ಲಿಷಿನಲ್ಲೇ ಬರೆಯಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಈ ಏರ್ಪಾಡು ಎಷ್ಟು ನಿರಾಳವೆಂಬುದನ್ನು ಅವರ ಮುಖ ನೋಡಿಯೇ ತಿಳಿಯಬಹುದು.

ಕೂಟದ ಜೀವಾಳ ಖಾಲಿ ಹಾಳೆ. ಪ್ರತಿ ಸಂಜೆಯ ಮೊದಲ ಇಪ್ಪತ್ತು ನಿಮಿಷ ಯಾರೂ ಪುಸ್ತಕ ತೆರೆಯುವಂತಿಲ್ಲ. ಹಿಂದಿನ ಸಲ ಓದಿದ ವಿಷಯದ ಹೆಸರನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾರೆ, ಉದಾಹರಣೆಗೆ 'ದ್ರಾವಣದ ಘನೀಭವನ ಬಿಂದು ಏಕೆ ಇಳಿಯುತ್ತದೆ'. ಮಕ್ಕಳು ತಮ್ಮ ನೆನಪಿನಲ್ಲಿರುವುದನ್ನೆಲ್ಲ ನೀಲಿ ಶಾಯಿಯಲ್ಲಿ ಬರೆಯಬೇಕು: ಸೂತ್ರ, ಸೂತ್ರದ ಪ್ರತಿ ಅಕ್ಷರದ ಅರ್ಥ, ಅದರ ಮಾನ, ಒಂದು ರೇಖಾಚಿತ್ರ, ಒಂದು ಉದಾಹರಣೆ. ಸಮಯ ಮುಗಿದ ಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸುತ್ತಾರೆ. ಮನೆಗೆ ಹೋಗಿ ಓದಬೇಕಾದದ್ದು ಆ ಕೆಂಪು ಭಾಗವನ್ನು ಮಾತ್ರ. ನೀಲಿಯಲ್ಲಿರುವುದು ಬಂದಾಗಿದೆ, ಅದನ್ನೇ ಮತ್ತೆ ಮತ್ತೆ ತಿರುವಿ ಹಾಕಿ ಸಮಾಧಾನಪಟ್ಟುಕೊಳ್ಳುವುದಕ್ಕೆ ಇಲ್ಲಿ ಅವಕಾಶವಿಲ್ಲ.

ಓದಿದ್ದನ್ನೇ ಮತ್ತೆ ಓದುವಾಗ ಪುಟ ಪರಿಚಿತವಾಗಿ ಕಾಣುತ್ತದೆ. ಆ ಪರಿಚಯವನ್ನೇ ಮಕ್ಕಳು ತಿಳಿವಳಿಕೆ ಎಂದು ಭಾವಿಸುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪಾಠ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದಾಗಿದ್ದರು. ಮೇಷ್ಟ್ರು ಈ ಪ್ರಯೋಗದ ವಿವರವನ್ನು ಮೊದಲ ವಾರದಲ್ಲೇ ಮಕ್ಕಳಿಗೆ ಹೇಳುತ್ತಾರೆ, ಪಾಲಕರ ಸಭೆಯಲ್ಲೂ ಹೇಳುತ್ತಾರೆ. ಹೇಳಲೇಬೇಕಾದ ಕಾರಣವಿದೆ: ಖಾಲಿ ಹಾಳೆಯ ಮುಂದೆ ಕುಳಿತ ಹುಡುಗನಿಗೆ ತನಗೆ ಏನೂ ಬರುವುದಿಲ್ಲವೆಂದು ಅನಿಸುತ್ತದೆ, ಪಕ್ಕದ ಕಟ್ಟಡದ ಕೋಚಿಂಗಿಗೆ ಹೋಗುವ ಗೆಳೆಯ ಅಚ್ಚುಕಟ್ಟಾದ ನೋಟ್ಸ್ ತೋರಿಸುತ್ತಾನೆ, ಅದನ್ನು ನೋಡಿ ತಾಯಿಗೆ ದಿಗಿಲಾಗುತ್ತದೆ. ಆ ಹಂತವನ್ನು ದಾಟಿಸಲು ಇಂಥ ಆಧಾರ ಬೇಕೇ ಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಲೆಕ್ಕಗಳನ್ನು ಮಾಡಿಸುವ ರೀತಿ. ಮಹಾರಾಷ್ಟ್ರದ ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಲಿಖಿತ ಪರೀಕ್ಷೆ 70 ಅಂಕಗಳದ್ದು, ಪ್ರಾಯೋಗಿಕ 30. ಕ್ಯಾಲ್ಕುಲೇಟರ್ ಬಳಸುವಂತಿಲ್ಲ, ದೊಡ್ಡ ಗುಣಾಕಾರ, ಭಾಗಾಕಾರಗಳನ್ನು ಸುಲಭಗೊಳಿಸುವ ಅಂಕಿಗಳ ಕೋಷ್ಟಕವಾದ ಲಾಗ್ ಟೇಬಲ್ ಬಳಸಬಹುದು. ಮೊಬೈಲಿನಲ್ಲಿ ಗುಣಾಕಾರ ಮಾಡಿ ಬೆಳೆದ ಮಕ್ಕಳಿಗೆ ಲಾಗ್ ಟೇಬಲ್ ಎಂದರೆ ಭಯ. ಆ ಭಯದಲ್ಲಿ ಅಂಕಿಗಳನ್ನು ಹುಡುಕುವುದರಲ್ಲೇ ಗಮನ ಮುಗಿದುಹೋಗಿ, ಬಂದ ಉತ್ತರ ಸಾಧ್ಯವೋ ಅಲ್ಲವೋ ಎಂದು ಕೇಳಿಕೊಳ್ಳುವ ವ್ಯವಧಾನ ಉಳಿಯುವುದಿಲ್ಲ. ಇಲ್ಲಿಯ ನಿಯಮವೆಂದರೆ, ಟೇಬಲ್ ಮುಟ್ಟುವ ಮೊದಲು ಉತ್ತರ ಸುಮಾರಾಗಿ ಎಷ್ಟಿರಬೇಕೆಂದು ಹಾಳೆಯ ಬದಿಯಲ್ಲಿ ಬರೆದಿಡಬೇಕು.

ನಾನಿದ್ದ ಸಂಜೆ ಮಾಡಿಸಿದ ಲೆಕ್ಕವೊಂದನ್ನು ವಿವರವಾಗಿ ಹೇಳುತ್ತೇನೆ. ಒಂದು ಮೊದಲ ದರ್ಜೆಯ ಕ್ರಿಯೆಯಲ್ಲಿ 40 ನಿಮಿಷಗಳಲ್ಲಿ ಶೇಕಡ 25ರಷ್ಟು ಪದಾರ್ಥ ವಿಘಟನೆಯಾಗುತ್ತದೆ, ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಪದಾರ್ಥ ಹೋಗಲು ಬೇಕಾದ ಕಾಲ, ಎಷ್ಟು ಎಂಬುದು ಪ್ರಶ್ನೆ. ಬರೆಯುವ ಮೊದಲು ಮೇಷ್ಟ್ರು ಮಕ್ಕಳನ್ನು ಮಾತಿಗೆಳೆದರು. ಕಾಲು ಭಾಗ ಹೋಗಲು 40 ನಿಮಿಷ ಬೇಕಾಯಿತು. ಪದಾರ್ಥ ಕಡಿಮೆಯಾದಂತೆ ಕ್ರಿಯೆಯ ವೇಗವೂ ಕುಂದುವುದರಿಂದ ಇನ್ನೊಂದು ಕಾಲು ಭಾಗ ಹೋಗಲು 40ಕ್ಕಿಂತ ಹೆಚ್ಚು ನಿಮಿಷ ಬೇಕು. ಹಾಗಾದರೆ ಅರ್ಧಾಯುಷ್ಯ 80 ನಿಮಿಷಕ್ಕಿಂತ ಹೆಚ್ಚೇ ಇರಬೇಕು. ಇಷ್ಟನ್ನು ಬದಿಯಲ್ಲಿ ಬರೆಸಿದ ಮೇಲೆ ಲೆಕ್ಕ ಆರಂಭವಾಯಿತು. ಉಳಿದ ಪದಾರ್ಥ 75, ಆದ್ದರಿಂದ 100ನ್ನು 75ರಿಂದ ಭಾಗಿಸಿ ಲಾಗ್ ತೆಗೆದರೆ 0.1249; ಅದನ್ನು 2.303ರಿಂದ ಗುಣಿಸಿ 40ರಿಂದ ಭಾಗಿಸಿದರೆ ವೇಗ ಸ್ಥಿರಾಂಕ ನಿಮಿಷಕ್ಕೆ 0.00719, 0.693ನ್ನು ಅದರಿಂದ ಭಾಗಿಸಿದರೆ ಸುಮಾರು 96.4 ನಿಮಿಷ. ಒಬ್ಬ ಹುಡುಗನಿಗೆ ಸುಮಾರು 20 ನಿಮಿಷ ಬಂದಿತ್ತು. ಉಳಿದ 75ರ ಬದಲು ಹೋದ 25ನ್ನೇ ಸೂತ್ರದಲ್ಲಿ ಹಾಕಿದ್ದ, ಈ ಪಾಠದಲ್ಲಿ ಎಲ್ಲ ಕಡೆಯೂ ನಡೆಯುವ ತಪ್ಪು ಅದು. ಬದಿಯಲ್ಲಿ ತಾನೇ ಬರೆದ '80ಕ್ಕಿಂತ ಹೆಚ್ಚು' ಎಂಬ ಮಾತನ್ನು ನೋಡಿ, ಯಾರೂ ಹೇಳದೆ ಅವನೇ ನಿಂತು, ಮೇಲಿನಿಂದ ಓದಿ, 25ರ ಮೇಲೆ ಗೀಟು ಹಾಕಿದ. 40 ನಿಮಿಷದಲ್ಲಿ ಕಾಲು ಭಾಗ ಮಾತ್ರ ಹೋಗಿರುವಾಗ 20 ನಿಮಿಷದಲ್ಲಿ ಅರ್ಧ ಹೋಗುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡ ಹುಡುಗನಿಗೆ ಆ ಪಾಠವನ್ನು ಮತ್ತೆ ಹೇಳಿಕೊಡಬೇಕಾಗಿಲ್ಲ. ನನ್ನ ಕೆಲಸದಲ್ಲಿ ಹೊಸದಾಗಿ ಸೇರುವ ಪದವೀಧರರಲ್ಲಿ ನಾನು ಹುಡುಕುವುದು ಇದೇ ಗುಣವನ್ನು, ಮತ್ತು ಅದು ಸಿಗುವುದು ಅಪರೂಪ.

ಇಂಥ ತಪ್ಪುಗಳಿಗಾಗಿಯೇ ಪ್ರತಿಯೊಬ್ಬರ ಬಳಿಯೂ ಒಂದು ಪುಸ್ತಕ ಇದೆ. ಪುಟವನ್ನು ಮೂರು ಭಾಗ ಮಾಡಿ, ಕೇಳಿದ್ದೇನು, ನಾನು ಮಾಡಿದ್ದೇನು, ಹಾಗೆ ಮಾಡಿದ್ದು ಏಕೆ ಎಂದು ಬರೆಯುತ್ತಾರೆ. ಮೂರನೆಯ ಭಾಗದಲ್ಲಿ 'ಅಜಾಗರೂಕತೆ' ಎಂದು ಬರೆದರೆ ಮೇಷ್ಟ್ರು ಒಪ್ಪುವುದಿಲ್ಲ, ನಿರ್ದಿಷ್ಟವಾದ ಕಾರಣ ಬೇಕು. ಮಗಳ ಪುಸ್ತಕದ ಒಂದು ನಮೂದು ಹೀಗಿದೆ: 100 ಗ್ರಾಂ ನೀರಿನಲ್ಲಿ 9 ಗ್ರಾಂ ಗ್ಲೂಕೋಸ್ ಕರಗಿಸಿದರೆ ಘನೀಭವನ ಬಿಂದು ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. ಗ್ಲೂಕೋಸಿನ ಮೋಲಾರ್ ರಾಶಿ 180, ಆದ್ದರಿಂದ 0.05 ಮೋಲ್, ನೀರು 0.1 ಕಿಲೋಗ್ರಾಂ, ಆದ್ದರಿಂದ ಮೊಲಾಲಿಟಿ, ಅಂದರೆ ಒಂದು ಕಿಲೋಗ್ರಾಂ ದ್ರಾವಕಕ್ಕೆ ಇರುವ ಮೋಲ್‌ಗಳ ಸಂಖ್ಯೆ, 0.5, ನೀರಿನ ಸ್ಥಿರಾಂಕ 1.86ರಿಂದ ಗುಣಿಸಿದರೆ 0.93 ಕೆಲ್ವಿನ್. ಆಕೆಗೆ 1.02 ಬಂದಿತ್ತು. ಕಾರಣದ ಭಾಗದಲ್ಲಿ, '100 ಗ್ರಾಂ ಎಂಬುದನ್ನು ದ್ರಾವಣದ ತೂಕವೆಂದು ಓದಿ ಅದರಿಂದ 9 ಕಳೆದೆ; ಪ್ರಶ್ನೆಯಲ್ಲಿ ಅದು ದ್ರಾವಕದ ತೂಕ' ಎಂದು ಬರೆದಿದ್ದಾಳೆ. ಈ ಪುಸ್ತಕ ತುಂಬುತ್ತ ಹೋದಂತೆ ಪ್ರತಿ ಮಗುವಿನ ತಪ್ಪುಗಳಿಗೆ ಒಂದು ಜಾಡು ಇರುವುದು ಕಾಣುತ್ತದೆ. ಕೆಲವರು ಮಾನಗಳಲ್ಲಿ ಎಡವುತ್ತಾರೆ, ಕೆಲವರು ಪ್ರಶ್ನೆ ಓದುವುದರಲ್ಲಿ, ಕೆಲವರು ಲಾಗ್ ಟೇಬಲಿನ ಋಣ ಭಾಗದಲ್ಲಿ. ಪರೀಕ್ಷೆಯ ಹಿಂದಿನ ವಾರ ಗೈಡುಗಳನ್ನೆಲ್ಲ ಬದಿಗಿಟ್ಟು ಈ ಪುಸ್ತಕವನ್ನೇ ತಿರುವಿ ಹಾಕುವಂತೆ ಹೇಳುತ್ತಾರೆ.

ಮರುಕಳಿಕೆಗೆ ಒಂದು ಕ್ಯಾಲೆಂಡರ್ ಇದೆ. ಒಂದು ವಿಷಯವನ್ನು ಓದಿದ ಮರುದಿನ, ಆಮೇಲೆ ವಾರದ ಬಳಿಕ, ಆಮೇಲೆ ತಿಂಗಳ ಬಳಿಕ ಅದೇ ವಿಷಯ ಖಾಲಿ ಹಾಳೆಯ ಮೇಲೆ ಮರಳಿ ಬರುತ್ತದೆ. ಮರೆವಿನ ವೇಗವನ್ನು ತನ್ನ ಮೇಲೆಯೇ ಪ್ರಯೋಗ ಮಾಡಿ ಅಳೆದು ಜರ್ಮನಿಯ ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಕಾಲದಿಂದಲೂ ಗೊತ್ತಿರುವ ಸಂಗತಿ ಇದು, ಆದರೂ ನಮ್ಮ ಕಾಲೇಜುಗಳ ವೇಳಾಪಟ್ಟಿಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಜೂನ್‌ನಲ್ಲಿ ಮುಗಿಸಿದ ಘನಸ್ಥಿತಿಯ ಪಾಠವನ್ನು ಮಕ್ಕಳು ಮತ್ತೆ ನೋಡುವುದು ಜನವರಿಯಲ್ಲಿ, ಪೂರ್ವಸಿದ್ಧತಾ ಪರೀಕ್ಷೆ ತಲೆಯ ಮೇಲೆ ಬಂದಾಗ.

ನಿರವಯವ ರಸಾಯನಶಾಸ್ತ್ರದಲ್ಲಿ ಇವರ ಕ್ರಮ ಸರಳ. ಚೀಟಿಯ ಒಂದು ಬದಿಗೆ 'ಏಕೆ' ಎಂಬ ಪ್ರಶ್ನೆ, ಇನ್ನೊಂದು ಬದಿಗೆ ಎರಡು ವಾಕ್ಯದ ಉತ್ತರ. ತಾಮ್ರದ ಎರಡು ಧನಾವೇಶದ ಅಯಾನು ನೀರಿನಲ್ಲಿ ನೀಲಿ, ಸತುವಿನದು ಬಣ್ಣರಹಿತ, ಏಕೆ? ತಾಮ್ರದ ಡಿ ಕಕ್ಷಕಗಳಲ್ಲಿ ಒಂಬತ್ತು ಎಲೆಕ್ಟ್ರಾನುಗಳಿದ್ದು ಒಂದಕ್ಕೆ ಜಾಗ ಖಾಲಿ ಇದೆ, ಸತುವಿನಲ್ಲಿ ಹತ್ತೂ ತುಂಬಿರುವುದರಿಂದ ಎಲೆಕ್ಟ್ರಾನ್ ಬೆಳಕನ್ನು ಹೀರಿ ಕೆಳಗಿನ ಡಿ ಮಟ್ಟದಿಂದ ಮೇಲಿನ ಡಿ ಮಟ್ಟಕ್ಕೆ ಜಿಗಿಯಲು ಅವಕಾಶವೇ ಇಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡುವ ಹೊರೆ ಇದರಿಂದ ತಗ್ಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ.

ಸಾವಯವ ರಸಾಯನಶಾಸ್ತ್ರಕ್ಕೆ ಬಂದರೆ ನನ್ನ ಮುಖ್ಯ ಆಕ್ಷೇಪ ಇರುವುದು ಅಲ್ಲಿಯೇ. ಹನ್ನೊಂದನೆಯ ತರಗತಿಯಲ್ಲಿ ಮಕ್ಕಳು ಕ್ರಿಯೆಗಳ ನಕ್ಷೆಯನ್ನು ತಾವೇ ಬರೆಯುತ್ತಾರೆ; ದೊಡ್ಡ ಹಾಳೆಯ ನಡುವೆ ಒಂದು ಸಂಯುಕ್ತ, ಅದರಿಂದ ಹೊರಡುವ ಬಾಣಗಳು, ಬಾಣದ ಮೇಲೆ ಕಾರಕ ಮತ್ತು ಉಷ್ಣತೆ. ಹನ್ನೆರಡನೆಯ ತರಗತಿಗೆ ಬರುವಷ್ಟರಲ್ಲಿ ಹ್ಯಾಲೋಜನ್ ಸಂಯುಕ್ತಗಳು, ಆಲ್ಕೋಹಾಲ್, ಆಲ್ಡಿಹೈಡ್, ಅಮೈನ್ ಎಂದು ಪಾಠಗಳ ಮೇಲೆ ಪಾಠ ಬರುತ್ತವೆ, ಮತ್ತು ಸಮಯ ಉಳಿಸಲು ಮೇಷ್ಟ್ರು ಸಿದ್ಧ ನಕ್ಷೆಯನ್ನು ಜೆರಾಕ್ಸ್ ಮಾಡಿಸಿ ಹಂಚುತ್ತಾರೆ. ನಕ್ಷೆ ಬಹಳ ಚೆನ್ನಾಗಿದೆ. ಬೆಂಜೀನಿನಿಂದ ನೈಟ್ರೋಬೆಂಜೀನ್, ಅದರಿಂದ ಅನಿಲಿನ್, ಅದನ್ನು 273ರಿಂದ 278 ಕೆಲ್ವಿನ್‌ನಲ್ಲಿ ಸೋಡಿಯಂ ನೈಟ್ರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ವರ್ತಿಸಿದರೆ ಡಯಜೋನಿಯಂ ಲವಣ, ಅಲ್ಲಿಂದ ಒಂದು ಕಡೆ ಫೀನಾಲ್, ಇನ್ನೊಂದು ಕಡೆ ಕ್ಲೋರೋಬೆಂಜೀನ್. ಆದರೆ ಆ ಉಷ್ಣತೆ ಏಕೆ ಅಷ್ಟು ಕಡಿಮೆ ಇರಬೇಕೆಂಬುದು ನಕ್ಷೆಯನ್ನು ನೋಡಿದವರಿಗೆ ಹೊಳೆಯುವುದಿಲ್ಲ. ತಾನೇ ಬರೆಯುತ್ತ, ಡಯಜೋನಿಯಂ ಬೆಚ್ಚಗಾದರೆ ನೀರಿನೊಡನೆ ವರ್ತಿಸಿ ಫೀನಾಲ್ ಆಗಿಬಿಡುತ್ತದೆಂದು ಪಕ್ಕದ ಬಾಣದಿಂದಲೇ ಗುರುತಿಸಿದವರಿಗೆ ಅದು ಮರೆಯುವುದಿಲ್ಲ. ವರ್ಷವಿಡೀ ಮಕ್ಕಳ ಕೈಗೆ ಪೆನ್ನು ಕೊಟ್ಟವರು ಇಲ್ಲಿ ಮಾತ್ರ ಅದನ್ನು ಹಿಂದಕ್ಕೆ ಪಡೆಯುತ್ತಾರೆ. ಸಭೆಯಲ್ಲಿ ನಾನು ಇದನ್ನು ಹೇಳಿದೆ. ಸಮಯದ ಅಭಾವವನ್ನು ಅವರು ವಿವರಿಸಿದರು. ಕಾರಣ ನಿಜವಾದರೂ ಒಪ್ಪಲು ನನ್ನಿಂದಾಗಲಿಲ್ಲ. ಸೇರಿಸುವ ಪಾಲಕರು ಆ ಜೆರಾಕ್ಸ್ ಹಾಳೆಯನ್ನು ಮನೆಯಲ್ಲಿ ಮುಚ್ಚಿಟ್ಟು ಮಕ್ಕಳಿಂದ ಮತ್ತೆ ಬರೆಯಿಸಬೇಕೆಂದು ನನ್ನ ಸಲಹೆ.

ಪ್ರಾಯೋಗಿಕದ ವಿಚಾರದಲ್ಲಿ ಅಭ್ಯಾಸಿಕೆಗೆ ಮಿತಿಯಿದೆ, ವಾಸದ ಕಟ್ಟಡದಲ್ಲಿ ಆಮ್ಲಗಳನ್ನು ಇಡುವಂತಿಲ್ಲ. ಆದರೂ ಇದ್ದ ಮಿತಿಯಲ್ಲಿ ಮಾಡಿಸುವುದು ನನಗೆ ಸಂತೋಷ ತಂದಿದೆ. ಒಂದು ಸ್ಟ್ಯಾಂಡ್, ಒಂದು ಬ್ಯೂರೆಟ್, ಒಂದು ಪಿಪೆಟ್, ಬರೀ ನೀರು. ಎಡಗೈಯಲ್ಲಿ ನಲ್ಲಿ ತಿರುಗಿಸುತ್ತ ಬಲಗೈಯಲ್ಲಿ ಫ್ಲಾಸ್ಕ್ ಆಡಿಸುವುದು, ಹನಿಯನ್ನು ಅರ್ಧಕ್ಕೆ ನಿಲ್ಲಿಸುವುದು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದುವುದು, ಇವನ್ನೆಲ್ಲ ಮಕ್ಕಳು ಸರದಿಯಲ್ಲಿ ಮಾಡುತ್ತಾರೆ. ಬಣ್ಣವಿಲ್ಲದ ದ್ರವದಲ್ಲಿ ಕೆಳಬಾಗಿದ ಅಂಚನ್ನು ಓದಬೇಕು, ಪೊಟ್ಯಾಸಿಯಂ ಪರ್ಮಾಂಗನೇಟಿನಂಥ ಗಾಢ ಬಣ್ಣದ ದ್ರಾವಣದಲ್ಲಿ ಮೇಲಿನ ಅಂಚನ್ನು. ಕಾಲೇಜಿನ ಲ್ಯಾಬಿನಲ್ಲಿ ಒಂದೇ ಮೇಜಿನ ಸುತ್ತ ಹಲವರು ನಿಂತಾಗ ಇದನ್ನು ಹೇಳುವವರು ಯಾರು? ಆಕ್ಸಾಲಿಕ್ ಆಮ್ಲವನ್ನು ಪರ್ಮಾಂಗನೇಟಿನ ಹನಿಗಳಿಂದ ಅಳೆಯುವ ಟೈಟ್ರೇಶನ್ನಿನ ಬಗ್ಗೆ ಬರೆಯಿಸುವಾಗಲೂ ಕಾರಣಗಳನ್ನೇ ಕೇಳುತ್ತಾರೆ. ಫ್ಲಾಸ್ಕನ್ನು 60ರಿಂದ 70 ಡಿಗ್ರಿಗೆ ಬಿಸಿ ಮಾಡುವುದೇಕೆ, ಸಲ್ಫ್ಯೂರಿಕ್ ಆಮ್ಲವನ್ನೇ ಹಾಕಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುವುದೇಕೆ, ಮೊದಲ ಹನಿಯ ಬಣ್ಣ ಹೋಗಲು ತಡವಾಗಿ ಆಮೇಲಿನ ಹನಿಗಳು ಬೇಗ ಬಣ್ಣ ಕಳೆದುಕೊಳ್ಳುವುದೇಕೆ. ಕೊನೆಯ ಪ್ರಶ್ನೆಗೆ, ಕ್ರಿಯೆಯಲ್ಲೇ ಹುಟ್ಟುವ ಮ್ಯಾಂಗನೀಸ್ ಅಯಾನು ಕ್ರಿಯೆಯನ್ನು ತ್ವರಿತಗೊಳಿಸುತ್ತದೆ ಎಂದು ಮಗಳು ಹೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದು ಬರೆಯಲು ಸಂಕೋಚವಿಲ್ಲ.

ಪ್ರಯೋಗಗಳ ದಾಖಲೆ ಪುಸ್ತಕವಾದ ಜರ್ನಲ್ ಬರೆಯುವ ವಿಷಯದಲ್ಲಿ ಇನ್ನೊಂದು ಒಳ್ಳೆಯ ನಿಯಮವಿದೆ. ಹಿಂದಿನ ವರ್ಷದವರ ಜರ್ನಲ್ ನೋಡಿ ನಕಲು ಮಾಡುವ ಅಭ್ಯಾಸ ಎಲ್ಲೆಡೆ ಬೇರೂರಿದೆ, ಅಳತೆಗಳೂ ಅವರವೇ ಆಗಿರುತ್ತವೆ. ಇಲ್ಲಿಗೆ ಬರುವ ಮಕ್ಕಳು ಲ್ಯಾಬಿನಲ್ಲಿ ಕಂಡ ಅಂಕಿಯನ್ನು ಕಂಡ ಕ್ಷಣದಲ್ಲೇ ಚಿಕ್ಕ ಪುಸ್ತಕದಲ್ಲಿ ಬರೆದು ತರಬೇಕು, ಅದು ಪುಸ್ತಕದ ಉತ್ತರಕ್ಕೆ ಹೊಂದದಿದ್ದರೂ ಹಾಗೆಯೇ ಇರಬೇಕು, ಮತ್ತು ಹೊಂದದಿರಲು ಕಾರಣವೇನಿರಬಹುದೆಂದು ಕೂಟದಲ್ಲಿ ಚರ್ಚೆಯಾಗಬೇಕು. ಔಷಧ ಕಾರ್ಖಾನೆಯಲ್ಲಿ ಅಳತೆಯನ್ನು ತಿದ್ದಿ ಬರೆಯುವುದು ಎಷ್ಟು ಗಂಭೀರವಾದ ಅಪರಾಧವೆಂಬುದನ್ನು ಬಲ್ಲ ನನಗೆ, ಹದಿನಾರರ ವಯಸ್ಸಿನಲ್ಲೇ ಈ ಶಿಸ್ತು ಬೀಳುವುದು ಅಂಕಗಳಿಗಿಂತ ಮುಖ್ಯವೆನಿಸುತ್ತದೆ.

ಯಾರಿಗೆ ಈ ಜಾಗ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಐಐಟಿ ಪ್ರವೇಶ ಪರೀಕ್ಷೆಯನ್ನೇ ಗುರಿಯಾಗಿಟ್ಟುಕೊಂಡವರಿಗೆ ಇಲ್ಲಿಯ ಲೆಕ್ಕಗಳ ಮಟ್ಟ ಸಾಲದು. ಮಹಾರಾಷ್ಟ್ರದ ಇಂಜಿನಿಯರಿಂಗ್, ಫಾರ್ಮಸಿ ಪ್ರವೇಶ ಪರೀಕ್ಷೆಯಾದ ಎಂಎಚ್‌ಟಿ ಸಿಇಟಿಯ ಮಟ್ಟಿಗೆ ವಿಷಯಜ್ಞಾನ ಸಾಕಾಗುತ್ತದೆ, ವೇಗದ ಅಭ್ಯಾಸ ಸಾಲುವುದಿಲ್ಲ. ಆ ಪರೀಕ್ಷೆಯಲ್ಲಿ ಭೌತಶಾಸ್ತ್ರದ 50, ರಸಾಯನಶಾಸ್ತ್ರದ 50 ಪ್ರಶ್ನೆಗಳಿಗೆ ಒಟ್ಟು 90 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷವೂ ಪೂರ್ತಿ ಸಿಗುವುದಿಲ್ಲ. ಗಡಿಯಾರ ಇಟ್ಟು ಬಿಡಿಸುವ ಅಭ್ಯಾಸವನ್ನು ಇಲ್ಲಿ ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಆರಂಭಿಸುತ್ತಾರೆ, ಅದು ತೀರ ತಡ. ಡಿಸೆಂಬರಿನಿಂದಲೇ ವಾರಕ್ಕೊಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟರೆ ಒಳ್ಳೆಯದು. ನೀಟ್ ಬರೆಯುವವರು ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲುಸಾಲಾಗಿ ಓದಬೇಕಾಗುತ್ತದೆ. ಇಲ್ಲಿ ಆಧಾರ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಪುಸ್ತಕ. ಎನ್‌ಸಿಇಆರ್‌ಟಿ ಕಪಾಟಿನಲ್ಲಿದೆ, ಕೇಳಿದರೆ ಕೊಡುತ್ತಾರೆ, ಅಷ್ಟೆ.

ಮೊದಲ ಕೆಲವು ತಿಂಗಳು ಕಾಲೇಜಿನ ಕಿರುಪರೀಕ್ಷೆಗಳಲ್ಲಿ ಅಂಕಗಳು ಏರುವುದಿಲ್ಲ, ಕೆಲವರದ್ದು ಇಳಿಯುವುದೂ ಉಂಟು. ಹಿಂದಿನ ರಾತ್ರಿ ಓದಿ ಮರುದಿನ ಬರೆಯುವ ಪರೀಕ್ಷೆಗಳಲ್ಲಿ ಬಾಯಿಪಾಠದವರಿಗೇ ಅನುಕೂಲ. ಈ ಅವಧಿಯಲ್ಲಿ ಮಕ್ಕಳನ್ನು ಬಿಡಿಸಿಕೊಂಡು ಹೋದ ಪಾಲಕರನ್ನು ನಾನು ಕಂಡಿದ್ದೇನೆ. ಮೊದಲ ಟರ್ಮಿನ ಪರೀಕ್ಷೆಯವರೆಗೆ ತಾಳ್ಮೆ ಇರುವವರು ಮಾತ್ರ ಸೇರಿಸುವುದು ಒಳಿತು. ನನ್ನ ಮಗಳ ಮಟ್ಟಿಗೆ, ರಸಾಯನಶಾಸ್ತ್ರದ ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದವಳು ಈಗ ಊಟದ ತಟ್ಟೆಯ ಮುಂದೆ ತಂದೆಗೆ ಮೊಲಾಲಿಟಿಗೂ ಮೊಲಾರಿಟಿಗೂ ಇರುವ ವ್ಯತ್ಯಾಸ ಹೇಳುತ್ತಾಳೆ. ಅಂಕಗಳೂ ಏರಿವೆ, ಆದರೆ ಗಣಿತದಲ್ಲೂ ಆಕೆ ತಾನಾಗಿಯೇ ಖಾಲಿ ಹಾಳೆ ಇಟ್ಟುಕೊಂಡು ಕೂರುವುದನ್ನು ನೋಡಿದಾಗ ಕೊಟ್ಟ ಹಣ ಸಾರ್ಥಕವೆನಿಸಿತು.

ಸೌಕರ್ಯಗಳ ಬಗ್ಗೆ ಕೆಲವು ದೂರುಗಳಿವೆ. ಮೆಟ್ಟಿಲುಗಳ ಮೇಲೆ ಬೆಳಕು ಸಾಲದು. ರಾತ್ರಿ ಒಂಬತ್ತೂವರೆಗೆ ಹೆಣ್ಣುಮಕ್ಕಳು ಇಳಿದು ಬರುವ ಜಾಗದಲ್ಲಿ ಇದನ್ನು ಸರಿಪಡಿಸದೆ ಬಿಟ್ಟಿರುವುದು ಸರಿಯಲ್ಲ. ಕಿಟಕಿಯ ಪಕ್ಕದ ಕುರ್ಚಿಗಳಿಗೆ ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆ. ಗಣೇಶೋತ್ಸವದ ದಿನಗಳಲ್ಲಿ ಕೆಳಗಿನ ಧ್ವನಿವರ್ಧಕಗಳಿಂದಾಗಿ ಮೌನವೆಂಬುದು ಉಳಿಯುವುದಿಲ್ಲ, ಅದಕ್ಕೆ ಇವರು ಹೊಣೆಯಲ್ಲ, ಆದರೆ ಆ ವಾರಗಳಲ್ಲಿ ಬೆಳಗಿನ ಹೊತ್ತು ತೆರೆದರೆ ಅನುಕೂಲವಾಗುತ್ತದೆ. ಕುಡಿಯುವ ನೀರು, ಶೌಚಾಲಯ ಶುಚಿಯಾಗಿವೆ. ದೀಪಗಳು ಚೆನ್ನಾಗಿವೆ.

ಶುಲ್ಕದ ವಿಚಾರದಲ್ಲಿ ಒಂದು ಮಾತು. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಕನ್ನಡಿಗರ ದೊಡ್ಡ ಪರಂಪರೆಯೇ ಮುಂಬಯಿಯಲ್ಲಿದೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇವರು ಕೂಟದ ಶುಲ್ಕವನ್ನು ಅನುಕೂಲವಿಲ್ಲದ ಮನೆಗಳ ಮಕ್ಕಳಿಗೆ ಬಿಟ್ಟುಕೊಡುತ್ತಾರೆ. ಯಾರಿಗೆ ಬಿಟ್ಟಿದ್ದಾರೆಂಬುದು ಉಳಿದ ಮಕ್ಕಳಿಗೆ ತಿಳಿಯದಂತೆ ನಡೆದುಕೊಳ್ಳುತ್ತಾರೆ. ಕೇಳಲು ಸಂಕೋಚಪಡಬೇಕಾಗಿಲ್ಲ.

ಹತ್ತನೆಯ ತರಗತಿಯ ಫಲಿತಾಂಶ ಬಂದು ಹನ್ನೊಂದನೆಯ ಪ್ರವೇಶದ ಗಡಿಬಿಡಿ ನಡೆಯುತ್ತಿರುವಾಗಲೇ ಕುರ್ಚಿಗಳು ತುಂಬುತ್ತವೆ, ಆದ್ದರಿಂದ ಮುಂಚೆಯೇ ಹೋಗಿ ಮಾತಾಡಬೇಕು. ಸೇರಿಸಿಕೊಳ್ಳುವಾಗ ಅಂಕಪಟ್ಟಿ ಕೇಳುವುದಿಲ್ಲ. ಹತ್ತನೆಯ ತರಗತಿಯಲ್ಲಿ ಓದಿದ ಯಾವುದಾದರೂ ಒಂದು ವಿಷಯದ ಬಗ್ಗೆ ಇಪ್ಪತ್ತು ನಿಮಿಷ ಬರೆಯಲು ಮಗುವಿಗೆ ಹಾಳೆ ಕೊಡುತ್ತಾರೆ, ಎಷ್ಟು ಬರೆದರೂ ಸೇರಿಸಿಕೊಳ್ಳುತ್ತಾರೆ, ಆ ಹಾಳೆಯನ್ನು ಫೈಲಿನಲ್ಲಿ ಇಟ್ಟುಕೊಂಡು ವರ್ಷದ ಕೊನೆಗೆ ಅದೇ ವಿಷಯದ ಮೇಲೆ ಮತ್ತೆ ಬರೆಯಿಸಿ ಎರಡನ್ನೂ ಪಾಲಕರಿಗೆ ತೋರಿಸುತ್ತಾರೆ. ಭಾನುವಾರ ಕೂಟ ಇರುವುದಿಲ್ಲ, ಅಭ್ಯಾಸಿಕೆ ಮಾತ್ರ ತೆರೆದಿರುತ್ತದೆ. ಮೇಷ್ಟ್ರನ್ನು ಬಿಡುವಾಗಿ ಕಂಡು ಮಾತಾಡಲು ಅಂದಿನ ಬೆಳಗಿನ ಹೊತ್ತೇ ಸರಿಯಾದದ್ದು.